ಆಯಿಯ ಎರಡು ಪಾಲು

ದೇವರು ಎರಡು ಕಣ್ಣು ಕೊಟ್ಟದ್ದು, ಕೋಡ್ಲಾದ ಸಿಮೆಂಟ್ ಲಾರಿಗೆ ಸ್ಟೆಪ್ನಿ ಇದ್ದ ಹಾಗೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದೇ ಇರಬೇಕು ಎಂದು ನಾನು ಬಹಳ ದಿನ ನಂಬಿದ್ದೆ. ಸ್ಟೆಪ್ನಿಯಲ್ಲ, ಎರಡೂ ಓಡುವ ಗಾಲಿಗಳೇ ಎಂದು ಕಲಿಸಿದ್ದು ನಮ್ಮ ಆಯಿಯ ಫೋಟೊ.

ಆಯಿ ಎಂದರೆ ಅವ್ವನ ತಾಯಿ. ವಾಡಿ ಜಂಕ್ಷನ್ನಿನ ಯಾರೋ ರೈಲ್ವೆ ಸಾಹೇಬರು ಎರಡು ಕಣ್ಣಿನ ಕ್ಯಾಮೆರಾದಲ್ಲಿ ಅದನ್ನು ತೆಗೆದರಂತೆ. ಒಂದೇ ರಟ್ಟಿನ ಮೇಲೆ ನೋಡಲು ಒಂದೇ ಥರದ ಚಿತ್ರ ಎರಡು ಸಲ: ಬಾಗಿಲ ಮುಂದೆ ಆಯಿ, ತೊಡೆಯ ಮೇಲೆ ಕೂಸು. ಆ ಕೂಸೇ ಅವ್ವನ ತಂಗಿ, ನಮ್ಮ ಚಿಗವ್ವ. ಅವಳಿಗೆ ನೆನಪು ಮೂಡುವ ಮೊದಲೇ ಆಯಿ ತೀರಿಕೊಂಡಳು. ಮುಂದೆ ಅಕ್ಕತಂಗಿಯರು ಮದುವೆಯಾಗಿ ಹೋದಾಗ, ಹೇಗೂ ಎರಡಿವೆಯಲ್ಲ ಎಂದು ರಟ್ಟನ್ನು ನಡುವೆ ಕತ್ತರಿಸಿ, ಅವ್ವ ಒಂದು ಪಾಲನ್ನು ಸೇಡಂಗೂ ಚಿಗವ್ವ ಇನ್ನೊಂದನ್ನು ಶಹಾಬಾದಿಗೂ ಒಯ್ದರು. ನಮ್ಮ ಮನೆತನದಲ್ಲಿ ಜಗಳವಿಲ್ಲದೆ ಆದ ಪಾಲು ಅದೊಂದೇ.

ಇಂಥ ಜೋಡಿಚಿತ್ರವನ್ನು ಕಣ್ಣಿಗೊಂದರಂತೆ ನೋಡಿದರೆ ಒಳಗಿನ ಜನ ಎದ್ದು ನಿಲ್ಲುತ್ತಾರೆ ಎಂದು ಈಚೆಗೆ ಎಲ್ಲೋ ಓದಿ, ಚಿಗವ್ವನಿಗೆ ಫೋನಿನಲ್ಲಿ ಹೇಳಿದೆ.

“ಹಂಗಾದ್ರ ಅವ್ವ ಹೆಂಗಿದ್ಲೋ ಹಂಗ ಕಾಣ್ತಾಳೇನೋ ತಮ್ಮಾ?”

ಇನ್ನು ಸುಮ್ಮನಿರುವ ಹಾಗಿರಲಿಲ್ಲ. ಯಾರದೋ ಜೋಡಿಚಿತ್ರದ ಪ್ರಿಂಟ್ ಹಾಕಿಸಿ ಪ್ರಯೋಗಕ್ಕಿಳಿದೆ. ಕೆಂಪು-ನೀಲಿ ಹಾಳೆಯ ಕನ್ನಡಕ ತರಿಸಿದೆ. ಅದು ಬೇರೆ ಜಾತಿಯ ಚಿತ್ರಕ್ಕಂತೆ. ಬಣ್ಣ ಬಂತೇ ಹೊರತು ಜೀವ ಬರಲಿಲ್ಲ. ಅಭ್ಯಾಸವಾದರೆ ಬರಿಗಣ್ಣೇ ಸಾಕೆಂದು ತಿಳಿದು ಅದನ್ನೂ ಹಿಡಿದೆ. “ಯಾಕ್ರಿ, ಮೆಳ್ಳಗಣ್ಣು ಮಾಡಿ ಯಾರ್ನ ಅಂಜಸ್ಲಿಕತ್ತೀರಿ?” ಎಂದಳು ಹೆಂಡತಿ. ಕೊನೆಗೆ ಚಿತ್ತಾಪುರದ ಚಷ್ಮಾ ಅಂಗಡಿಯಿಂದ ಒಂದೇ ನಂಬರಿನ ಎರಡು ದಪ್ಪ ಗಾಜು ತಂದು, ಬೂಟಿನ ಡಬ್ಬಿಯ ರಟ್ಟಿಗೆ ಕೂಡಿಸಿ, ಮೂಗಿನ ನೇರಕ್ಕೊಂದು ಅಡ್ಡರಟ್ಟು ನಿಲ್ಲಿಸಿದೆ. ಒಂದು ಕಣ್ಣಿನ ತಾಟಿಗೆ ಇನ್ನೊಂದು ಕಣ್ಣು ಕೈ ಹಾಕಬಾರದು, ಅಷ್ಟೇ ಅದರ ಶಾಸ್ತ್ರ.

ಅವ್ವನನ್ನು ಕರೆದುಕೊಂಡು ಶಹಾಬಾದಿಗೆ ಹೋದೆ. ಪಾಲು ಜೋಡಿಸುವಾಗ ಅವ್ವ, “ನಾ ಹಿರ್ಯಾಕಿ, ನಂದು ಬಲಕ್ಕ ಇಡು” ಎಂದಳು. ಇಟ್ಟೆ. ಚಿಗವ್ವ ಇಣುಕಿದಳು.

“ಅಯ್ಯ, ಬಾಗಿಲಾ ಮುಂದ ಬಂತು, ಅವ್ವ ಗ್ವಾಡ್ಯಾಗ ಹೋದ್ಲು!”

ಕ್ಯಾಮೆರಾದ ಎಡಗಣ್ಣು ಕಂಡದ್ದು ನಮ್ಮ ಎಡಗಣ್ಣಿಗೇ ಸೇರಬೇಕು; ಅದಲುಬದಲಾದರೆ ಹಿಂದಿನದು ಮುಂದೆ ಬರುತ್ತದೆ. ಕ್ಯಾಮೆರಾಕ್ಕೆ ಹಿರಿತನ ಗೊತ್ತಿಲ್ಲ. ತಂಗಿಯ ಮುಖ ಸಣ್ಣಗಾದದ್ದು ನೋಡಿ ಅವ್ವ ತಾನೇ ತನ್ನ ಪಾಲನ್ನು ಎಡಕ್ಕೆ ಸರಿಸಿದಳು.

ಚಿಗವ್ವ ಮತ್ತೆ ಕಣ್ಣಿಟ್ಟಳು. ಆಮೇಲೆ ಕೈ ಚಾಚಿ ಗಾಳಿಯಲ್ಲಿ ಏನನ್ನೋ ಮುಟ್ಟಿದಳು.

“ಅಕ್ಕಾ, ಇಷ್ಟ ದಿನ ಇದು ಸೆರಗು ಅಂತ ತಿಳ್ದಿದ್ದೆ. ಸೆರಗಲ್ಲ, ಕೈ. ನಾ ಬೀಳಬಾರ್ದಂತ ಹಿಡ್ಕೊಂಡಾಳ.”

ಹೆಸರು ಗೊತ್ತಿಲ್ಲದ ಆ ಸಾಹೇಬರಿಗೆ, ಚಷ್ಮಾದ ಗಾಜಿಗೆ, ಬೂಟಿನ ಡಬ್ಬಿಗೂ ಮನಸ್ಸಿನಲ್ಲೇ ಕೈ ಮುಗಿದೆ.

ಹೊರಡುವಾಗ ಸೇಡಂ ಪಾಲನ್ನು ಚೀಲಕ್ಕೆ ಹಾಕಲು ಹೋದೆ. ಅವ್ವ ನನ್ನ ಕೈ ತಡೆದಳು.

“ಇಲ್ಲೇ ಇರ್ಲಿ ಬಿಡು. ಪಾಲು ಮಾಡಿದ್ರ ಅವ್ವ ಚಪ್ಪಟಿ ಆಗ್ತಾಳ.”