ನಯಾಜನ ಕಂಪ್ಯೂಟರು ಆಫ್ ಆಗುವ ತನಕ

ನಯಾಜು, ನಿನ್ನ ಅಮ್ಮಿಯ ಫೋಟೋ ಹಾಳಾದದ್ದು ನಿನ್ನಿಂದಲ್ಲ, ನನ್ನಿಂದ. ಇಷ್ಟು ವರ್ಷ ಅದು ನಿನ್ನ ತಪ್ಪೆಂದೇ ನಿನ್ನನ್ನು ನಂಬಿಸಿ ಸುಮ್ಮನಿದ್ದೆ.

ಕೆ.ಆರ್. ಪೇಟೆಯ ಆ ಎರಡು ಮಳಿಗೆ ನೆನಪಿದೆಯಲ್ಲ — ನಿನ್ನದು ಫೋಟೋ ಸ್ಟುಡಿಯೋ, ಪಕ್ಕದಲ್ಲೇ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ, ಇಬ್ಬರಿಗೂ ಸೇರಿ ಒಂದೇ ಮೇನ್ ಸ್ವಿಚ್ಚು. ಶಾರ್ಟ್ ಆದೀತೆಂದು ಮಾಲೀಕರಿಗೆ ಭಯ, ಸಂಜೆ ಬಾಗಿಲು ಹಾಕುವಾಗ ಅದನ್ನು ಇಳಿಸಿಯೇ ಹೋಗಬೇಕು. ನಿನ್ನ ಹಳೇ ಕಂಪ್ಯೂಟರೋ, ಆಫ್ ಕೊಟ್ಟರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಅದು ಕಪ್ಪಾಗುವ ತನಕ ನೀನು ನನ್ನ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದೆ. ಟೀ ಕುಡಿಯುತ್ತಿದ್ದೆವು.

“ಏನಣ್ಣ ಇದು, ಮದ್ವೆಗೆ ಬಂದ ನೆಂಟ್ರಂಗೆ! ಓಯ್ತೀನಿ ಓಯ್ತೀನಿ ಅಂತದೆ, ಓಗಾಕಿಲ್ಲ,” ಎಂದು ನೀನು ನಗುತ್ತಿದ್ದೆ. ನೋಡಿಕೊಡು ಎಂದು ಕೇಳಿಯೂ ಇದ್ದೆ.

ನೋಡಿದೆ ಕಣಯ್ಯ. ಅವತ್ತೇ ಕಾರಣ ಸಿಕ್ಕಿತ್ತು. ನೀನು ಯಾವಾಗಲೋ ಬಿಸಾಕಿದ್ದ ಸ್ಕ್ಯಾನರಿನ ಪ್ರೋಗ್ರಾಂ ಒಳಗೆ ಓಡುತ್ತಲೇ ಇತ್ತು, ಅದು ನಿಲ್ಲಲಿ ಎಂದು ಮಿಷನ್ನು ಕಾಯುತ್ತಿತ್ತು. ತೆಗೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಫ್ ಆಯಿತು. ಆಮೇಲೆ — ಆ ಪ್ರೋಗ್ರಾಮನ್ನು ಮತ್ತೆ ಹಾಕಿದೆ. “ಹಳೇದು ಕಣ್ಲಾ, ಅದ್ರ ಹಣೇಬರ ಅಷ್ಟೇಯ,” ಅಂದೆ.

ಹೆಂಡತಿ ತೀರಿಕೊಂಡಿದ್ದಳು. ಸಂತೆಬಾಚಹಳ್ಳಿಯ ಮನೆಗೆ ಹೋದರೆ ಬೀಗ ತೆಗೆಯುವುದೂ ನಾನೇ, ಯಾರು ಎಂದು ಕೇಳುವವರೂ ಇಲ್ಲ. ದಿನಕ್ಕೆ ಅಷ್ಟು ಹೊತ್ತಾದರೂ ಒಬ್ಬ ಮನುಷ್ಯ ಎದುರಿಗಿರಲಿ ಅನ್ನಿಸುತ್ತಿತ್ತು... ಸ್ವಲ್ಪ ಹೊತ್ತು ಕೂತು ಹೋಗು ಅಂದಿದ್ದರೆ ನೀನು ಬೇಡವೆನ್ನುತ್ತಿರಲಿಲ್ಲ. ಕೇಳಲು ನನ್ನ ಹಾಳು ಬಾಯಿ ಬರಲಿಲ್ಲ.

ಜನ್ಮದಲ್ಲಿ ಕ್ಯಾಮೆರಾಕ್ಕೆ ಮುಖ ಕೊಡದಿದ್ದ ಅಮ್ಮಿ ಆ ರಂಜಾನ್ ಹಬ್ಬದ ದಿನ ಸ್ಟುಡಿಯೋಗೆ ಬಂದು ಕೂತರು. “ಒಂದೇ ಒಂದು ಕಣೋ ಬೇಟಾ, ಜಲ್ದಿ ಹೊಡಿ.” ನೀನು ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು, ಮದುವೆಯೊಂದಕ್ಕೆಂದು ಕ್ಯಾಮೆರಾ ಖಾಲಿ ಮಾಡಿದ್ದೆ. ದೊಡ್ಡದು ಮಾಡಿಸಿ ಕಟ್ಟು ಹಾಕಿಸಬೇಕು ಎನ್ನುತ್ತಿದ್ದೆ.

ಅದಾದ ಕೆಲವೇ ದಿನಕ್ಕೆ ನಿನ್ನ ಮನೆಯಿಂದ ಫೋನು ಬಂದದ್ದು, ಅಮ್ಮಿಗೆ ಉಸಿರು ಹಿಡಿಯುತ್ತಿದೆ ಎಂದು. ಚಕ್ರ ಸುತ್ತುತ್ತಿತ್ತು. ನಾನು ಟೀ ತರಲು ಹೋಗಿದ್ದೆ. ಅವಸರದಲ್ಲಿ ನಿನ್ನ ಕೈ ರೂಢಿಯಂತೆ ಮೇನ್ ಇಳಿಸಿತು. ಎರಡು ಲೋಟ ಹಿಡಿದು ಬಂದರೆ ಎರಡೂ ಅಂಗಡಿ ಕತ್ತಲು.

ಅಮ್ಮಿ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ನೀನು ಕಂಪ್ಯೂಟರಿನಿಂದ ಆ ಫೋಟೋ ತೆಗೆಯಲು ಕೂತೆ. ಹಳೇ ಡಿಸ್ಕು ಏಳಲೇ ಇಲ್ಲ. ನಾನೂ ಏನೇನೋ ಮಾಡಿದೆ. ಆಗಲೇ ನಾನು ಆ ಮಾತು ಆಡಿದ್ದು — “ಚಕ್ರ ಸುತ್ತೋವಾಗ ಮೇನ್ ಯಾಕ್ಲಾ ಇಳಿಸ್ದೆ? ವಸಿ ಕಾಯಾಕಾಗ್ಲಿಲ್ವಾ?”

ಥೂ, ನನ್ನ ನಾಲಿಗೆಗಿಷ್ಟು!

“ನಂದೇ ತಪ್ಪು ಕಣಣ್ಣ. ಅಮ್ಮಿ ಮುಖವ ನನ್ ಕೈಯಾರೆ ಅಳಿಸ್ಬುಟ್ಟೆ,” ಅಂದೆ ನೀನು. ನಾನು ಅಲ್ಲ ಎನ್ನಲಿಲ್ಲ. ಸ್ಕ್ಯಾನರಿನ ವಿಷಯ ಮುಚ್ಚಿಟ್ಟೆ.

ನೀನು ಸ್ಟುಡಿಯೋ ಮುಚ್ಚಿ ಹೋದೆ. ಬಾಬುರಾಯನಕೊಪ್ಪಲಲ್ಲಿ ಬೈಕಿನ ಸೀಟು ಹೊಲಿಯುತ್ತೀಯಂತೆ. ನೆಂಟರ ಮದುವೆಯಲ್ಲೂ ಕ್ಯಾಮೆರಾ ಮುಟ್ಟುವುದಿಲ್ಲವಂತೆ, “ನನ್ ಕೈಗುಣ ಸರಿಯಿಲ್ಲ” ಎನ್ನುತ್ತೀಯಂತೆ. ಕೇಳಿದ ಮೇಲೆ ಅನ್ನ ಇಳಿಯುತ್ತಿಲ್ಲ. ನಿನ್ನ ಸ್ಟೂಲು ಇಲ್ಲೇ ಇದೆ. ಯಾರೂ ಕೂರುವುದಿಲ್ಲ.

ಈ ಶುಕ್ರವಾರ ನೀನು ನಮಾಜು ಮುಗಿಸಿ ಬರುವ ಹೊತ್ತಿಗೆ ನಿನ್ನ ಅಂಗಡಿಯ ಮುಂದಿರುತ್ತೇನೆ. ಇಲ್ಲಿ ಹೇಳಿದ್ದನ್ನೆಲ್ಲ ನಿನ್ನ ಮುಖ ನೋಡಿಯೇ ಹೇಳುತ್ತೇನೆ. ನಿನ್ನ ಕೈಯಲ್ಲಿ ಏನೂ ದೋಷವಿರಲಿಲ್ಲ ನಯಾಜು. ಕೇಳಿದ ಮೇಲೆ ನನಗೆ ಕೂರು ಅನ್ನಬೇಡ.