ವೈದ್ಯರ ವಾಡೆಯ ಬೆಲ್ಲ

ಸತ್ತವರು ಕಾಣಿಸಿದರು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಕುಬಿಹಾಳದ ಹತ್ತಿರ ನಮ್ಮೂರಿನಲ್ಲಿ ಒಂದು ಹಳೆಯ ವಾಡೆ ಇದೆ. ನಾನು ಹುಟ್ಟುವ ಮೊದಲೇ ತೀರಿಕೊಂಡ ವೈದ್ಯರೊಬ್ಬರ ಮನೆ ಅದು. ದೂರದೂರದಿಂದ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಯಾವ ಜಾತಿಯವರೇ ಇರಲಿ, ಎಲ್ಲರನ್ನೂ ಒಂದೇ ಪಡಸಾಲೆಯಲ್ಲಿ ಕೂರಿಸಿ ನಾಡಿ ನೋಡುತ್ತಿದ್ದರಂತೆ. ಗುಣವಾಗುವವರಿಗೆ ಕಹಿ ಪುಡಿ ಕೊಡುತ್ತಿದ್ದರು. ಇನ್ನು ತಮ್ಮ ಕೈಯಲ್ಲಿಲ್ಲ ಎಂದು ತಿಳಿದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೆಲ್ಲದ ಚೂರೊಂದನ್ನು ಕೊಟ್ಟು, ನೀರು ಕುಡಿಸಿ ಕಳಿಸುತ್ತಿದ್ದರು. ಬೆಲ್ಲ ನೋಡಿದ ಮನೆಯವರು ಮತ್ತೇನೂ ಕೇಳುತ್ತಿರಲಿಲ್ಲ.

ನನ್ನ ಹೆಂಡತಿ ದುಮ್ಮವಾಡದವಳು. ಈ ಸಂಗತಿ ಅವಳಿಗೆ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಹುಬ್ಬಳ್ಳಿಯ ಆಸ್ಪತ್ರೆಯಿಂದ ಬಂದು ಬಸ್ಸಿಳಿದೆವು. ಅವಳಿಗೆ ಔಷಧಿ ಹಿಡಿಯುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಬಿಸಿಲಿಗೆ ಮನೆಯವರೆಗೆ ನಡೆಯಲಾಗದೆ ಅವಳು ವಾಡೆಯ ಕಟ್ಟೆಯ ಮೇಲೆ ಕುಳಿತಳು. ವಾಡೆ ನೋಡಿಕೊಳ್ಳುವ ಕಾಕಾ ಬಾಗಿಲು ತೆಗೆದು, ಒಳಗೆ ತಂಪಿದೆ, ಅಲ್ಲಿ ಕೂರಲಿ ಎಂದರು. ನಾನು ಅವರ ಜೊತೆ ಹೊರಗೆ ಶೇಂಗಾ ಬೆಳೆಯ ಮಾತಾಡುತ್ತ ನಿಂತೆ.

ಸ್ವಲ್ಪ ಹೊತ್ತಿಗೆ ಅವಳು ಹೊರಬಂದಳು. ಅಂಗೈಯಲ್ಲಿ ಬೆಲ್ಲವಿತ್ತು.

“ಒಳಗ ಅಜ್ಜಾರು ಕೊಟ್ರು. ತಿಂದು ನೀರು ಕುಡದು ಹೋಗವ್ವ ಅಂದ್ರು.”

ಕಾಕಾ ನಕ್ಕರು. “ಯಾವ ಅಜ್ಜಾರ ಬೇ? ಇಲಿ ಒಳಗ ಹೋಗಬೇಕಂದ್ರೂ ನನ್ನ ಕೇಳೇ ಹೋಗಬೇಕು.”

ಆಮೇಲೆ ಬೆಲ್ಲ ಅವರ ಕಣ್ಣಿಗೆ ಬಿತ್ತು. ಮತ್ತೆ ನಗಲಿಲ್ಲ. ಇಬ್ಬರೂ ಒಳಗೆ ಹೋಗಿ ನೋಡಿದೆವು. ಖಾಲಿ ಪಡಸಾಲೆ, ಗೋಡೆಗೆ ವೈದ್ಯರ ಫೋಟೊ. ಔಷಧಿ ಕೋಣೆಗೆ ಎಂದಿನ ಬೀಗ. ಹಿಂಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು.

ನಾವು ಹೊರಗೆ ಬರುವಷ್ಟರಲ್ಲಿ ಅವಳು ಅರ್ಧ ತಿಂದಿದ್ದಳು. ಉಳಿದದ್ದನ್ನು ನನ್ನ ಕೈಗಿಟ್ಟು, “ಅಗದಿ ಛಲೋ ಐತಿ, ತಿನ್ರಿ” ಎಂದಳು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ. ವೈದ್ಯರ ಪದ್ಧತಿಯ ಮಾತು ಎತ್ತಲಿಲ್ಲ. ಸಂಜೆಗೆ ಯಾವ ಪಲ್ಯ ಮಾಡಲಿ ಎಂದು ದಾರಿಯಲ್ಲಿ ಕೇಳಿದಳು. ಬದನೆಕಾಯಿ ಎಂದೆ.

ಹನ್ನೊಂದನೆಯ ದಿನ ಹೋಗಿಬಿಟ್ಟಳು.

ದಿನಕರ್ಮ ಮುಗಿದ ಮೇಲೆ ಅವಳ ತಂಗಿಯ ಮುಂದೆ ಇದನ್ನೆಲ್ಲ ಹೇಳಿದೆ.

“ನಮ್ಮ ಮುತ್ಯಾಗೂ ಅದ ವಾಡೇದಾಗ ಬೆಲ್ಲಾ ಕೊಟ್ಟಿದ್ರು ಮಾಮಾ. ಆ ಕತಿ ನನಗ ಅಕ್ಕಾನ ಹೇಳಿದ್ಲು.”

ಒಳಗೆ ಕುಳಿತಿದ್ದವರು ಯಾರು, ಆ ಬೆಲ್ಲ ಎಲ್ಲಿಂದ ಬಂತು, ಇವತ್ತಿಗೂ ನನಗೆ ತಿಳಿದಿಲ್ಲ. ಕಾಕಾ ಈಗ ಆ ಮಾತೇ ಬೇಡ ಎನ್ನುತ್ತಾರೆ. ನನಗೆ ಗೊತ್ತಿರುವುದು ಇಷ್ಟೇ. ಆ ಸಂಜೆ ಅವಳು ಬದನೆಕಾಯಿ ಪಲ್ಯ ಮಾಡಿದಳು. ಎದುರುಬದುರು ಕುಳಿತು ಉಂಡೆವು. ಉಪ್ಪು ಸರಿಯಾಗಿದೆಯೇ ಎಂದು ಕೇಳಿದಳು, ಸರಿಯಾಗಿದೆ ಎಂದೆ. ಇಬ್ಬರಿಗೂ ಗೊತ್ತಿತ್ತು.