ತಮ್ಮನಿಗೆ ಸಿಗದ ಎಣ್ಣೆ

ತಮ್ಮ ತೀರಿಹೋದ ಮೇಲೆ ಒಂದು ವರ್ಷದಷ್ಟು ಕಾಲ ನಾನು ಚರ್ಚಿಗೆ ಹೋದರೂ ಪ್ರಸಾದ ತೆಗೆದುಕೊಳ್ಳಲಿಲ್ಲ. ಎಲ್ಲರೂ ಸಾಲಾಗಿ ಮುಂದೆ ಹೋಗುವಾಗ ಬೆಂಚಿನಲ್ಲೇ ಕೂತಿರುತ್ತಿದ್ದೆ. ಯಾರಾದರೂ ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದೆ. ನೋವಿದ್ದದ್ದು ಬೇರೆ ಕಡೆ. ಸಾಯುತ್ತಿದ್ದ ತಮ್ಮನಿಗೆ ನಾನು ಸುಳ್ಳು ಹೇಳಿದ್ದೆ. ಆ ಪಾಪವನ್ನು ಫಾದರ್ ಮುಂದೆ ಹೇಳಿಕೊಳ್ಳದೆ ಪ್ರಸಾದ ಮುಟ್ಟುವಂತಿರಲಿಲ್ಲ.

ನಮ್ಮಪ್ಪ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರು. ನಾವು ಹುಟ್ಟಿನಿಂದ ಕ್ಯಾಥೊಲಿಕರು. ಮರಾಠಿ ಶಾಲೆಯಲ್ಲಿ ನಾನು ಕಲಿತದ್ದು ಸ್ವಲ್ಪ. ಕನ್ನಡ ಓದಲು ಬಂದದ್ದು ಅವ್ವನ ಪ್ರಾರ್ಥನೆ ಪುಸ್ತಕದಿಂದ. ತಮ್ಮ ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ಮಷೀನು ನಡೆಸುತ್ತಿದ್ದ. ಜೊತೆಗೆ ಕೆಲಸ ಮಾಡುವವನ ತಂಗಿಯನ್ನೇ ಮದುವೆಯಾದ. ಅವರು ಪ್ರೊಟೆಸ್ಟಂಟರು. ಮದುವೆಯಾದ ಮೇಲೆ ಅವನೂ ಹೆಂಡತಿಯ ಸಭೆಗೇ ಹೋಗತೊಡಗಿದ.

ನಾನು ಅವರ ಮನೆಗೆ ಹೋದಾಗಲೆಲ್ಲ ಅವನ ಹೆಂಡತಿಗೂ ನನಗೂ ಊಟದ ಹೊತ್ತಿಗೆ ಇದೇ ಜಗಳ.

"ಅಕ್ಕಾರ, ಯೇಸುನ ನಂಬಿದ್ರ ಮುಗೀತ್ರಿ. ರಕ್ಷಣೆ ಅನ್ನೂದು ಪುಕ್ಕಟ ಸಿಗೂದು, ಗಳಿಸೂದಲ್ಲ. ನಿಮ್ಮ ಸ್ವರ್ಗದ ಹಾದಿ ಕಾತ್ರಜ್ ಘಾಟಿನ ಟ್ರಾಫಿಕ್ ಇದ್ದಂಗ, ನಡುವ ಎಷ್ಟ ಸರ್ತಿ ನಿಲ್ಲಬೇಕ್ರೀ!"

"ನಮಗೂ ದೇವರು ಪುಕ್ಕಟನ ಕೊಡ್ತಾನವಾ. ಆದ್ರ ತಗೊಂಡ ಮ್ಯಾಲ ಜ್ವಾಕಿ ಮಾಡಬೇಕಲ್ಲ? ನೀವು ನಂಬಿದಿವಿ ಅಂತ ಕಾಲ ಚಾಚಿ ಮಲಗವರು. ನಮಗ ಸತ್ತ ಮ್ಯಾಲೂ ಉಳಿದ ಪಾಪ ತೊಳಕೊಳ್ಳೂ ಕೆಲಸ ಇರತಾವ."

ತಮ್ಮ ನಗುತ್ತ, "ಇಬ್ರೂ ಸುಮ್ಕಾದ್ರ ನನಗ ಇಲ್ಲೇ ಸ್ವರ್ಗ" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ.

ಆಮೇಲೆ ಅವನ ಲಿವರ್ ಕೆಟ್ಟಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿರಿ ಎಂದರು. ಒಂದು ಮಧ್ಯಾಹ್ನ ಹೆಂಡತಿ ನೀರು ತುಂಬಲು ಹೊರಗೆ ಹೋಗಿದ್ದಾಗ ಅವನು ನನ್ನ ಸೆರಗು ಹಿಡಿದ. "ಅಕ್ಕಾ, ಫಾದರ್‌ನ ಕರೀ. ಪಾಪ ಹೇಳ್ಕೋಬೇಕು. ಎಣ್ಣಿ ಹಚ್ಚಲಿ."

ನಮ್ಮಲ್ಲಿ ರೋಗಿಯ ಹಣೆಗೂ ಅಂಗೈಗೂ ಫಾದರ್ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ರೋಗಿಗೆ ಬಲ ಬರಲಿ, ಪಾಪ ಕಳೆಯಲಿ ಎಂದು. ಆದರೆ ನಮ್ಮ ಓಣಿಯ ಹೆಂಗಸರ ಬಾಯಲ್ಲಿ ಬೇರೆ ಮಾತು: ಎಣ್ಣಿ ಬಂತಂದ್ರ ಹೆಣದ ಪೆಟ್ಟಿಗಿ ಬಂತು. ಉಸಿರು ನಿಲ್ಲುವ ತನಕ ಫಾದರನ್ನು ಕರೆಯದ ಮನೆಗಳೇ ಹೆಚ್ಚು. ನಾನೂ ಹಾಗೇ ಹೆದರಿದೆ. ಎಣ್ಣೆ ಹಚ್ಚಿಸಿದರೆ ಇವನು ಹೋಗೇಬಿಡುತ್ತಾನೆ ಅನ್ನಿಸಿತು.

"ಫಾದರ್ ಊರಾಗಿಲ್ಲೋ, ಭಾನುವಾರ ಬರ್ತಾರ" ಎಂದೆ.

ಫಾದರ್ ಊರಲ್ಲೇ ಇದ್ದರು. ತಮ್ಮ ಭಾನುವಾರದ ತನಕ ಉಳಿಯಲಿಲ್ಲ.

ಅಂದಿನಿಂದ ನನಗೆ ಒಂದೇ ಹೆದರಿಕೆ. ಪಾಪ ನಿವೇದಿಸದೆ, ಎಣ್ಣೆ ಇಲ್ಲದೆ ಹೋದವನು ಎಲ್ಲಿದ್ದಾನೆ? ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದವಳು ನಾನೇ ಅಲ್ಲವೇ? ಅವನ ಹೆಸರಿನಲ್ಲಿ ಚರ್ಚಿನಲ್ಲಿ ಬಲಿಪೂಜೆ, ಅಂದರೆ ಮಾಸ್, ಮಾಡಿಸೋಣವೆಂದರೆ ಅವನ ಹೆಂಡತಿ, "ಸತ್ತವರ ಸಲುವಾಗಿ ಬೇಡೂದು ನಮ್ಮೊಳಗಿಲ್ರಿ. ಅವರು ಆಗ್ಲೇ ಮುಟ್ಯಾರ" ಎಂದಳು. ಅವಳ ಧೈರ್ಯ ಕಂಡು ಹೊಟ್ಟೆ ಉರಿಯಿತು. ಅವಳಿಗೆ ನನ್ನ ಸುಳ್ಳು ಗೊತ್ತಿರಲಿಲ್ಲ.

ಕಡೆಗೆ ಈ ವರ್ಷ ಈಸ್ಟರ್‌ಗೆ ಮುಂಚೆ ಪಾಪನಿವೇದನೆಗೆ ಹೋದೆ. ಫಾದರ್ ಮಂಗಳೂರು ಕಡೆಯವರು. ನಾನು ಅಳುತ್ತ ಹೇಳಿದ್ದನ್ನೆಲ್ಲ ಕೇಳಿ, "ಸುಳ್ಳು ಹೇಳಿದ್ದು ತಪ್ಪು ಅಮ್ಮ, ಅದಕ್ಕೆ ಕ್ಷಮೆ ಉಂಟು" ಎಂದರು. "ಆದರೆ ದೇವರು ಎಣ್ಣೆಯ ಮೂಲಕ ಕೃಪೆ ಕೊಡ್ತಾರೆ ಅಂದ್ರೆ ಎಣ್ಣೆ ಇಲ್ಲದಿದ್ರೆ ಅವರ ಕೈ ಕಟ್ಟಿಹೋಗ್ತದೆ ಅಂತ ಅಲ್ಲ. ನಿಮ್ಮ ತಮ್ಮ ಮನಸಾರೆ ಕೇಳಿದ್ರಲ್ಲ? ಆ ಕೇಳಿದ್ದನ್ನು ದೇವರು ಕೇಳಿಸ್ಕೊಳ್ಳದೆ ಇರ್ತಾರಾ? ಅವರಿಗಾಗಿ ಪ್ರಾರ್ಥಿಸಿ. ಹೆದರಿ ಅಲ್ಲ, ಪ್ರೀತಿಯಿಂದ."

ಹೊರಗೆ ಬಂದಾಗ ಮೈ ಹಗುರಾಗಿತ್ತು. ಆದರೂ ಅರ್ಧವೇ. ಅಲ್ಲಿಂದ ಸೀದಾ ಭೋಸರಿ ಬಸ್ಸು ಹತ್ತಿದೆ.

ತಮ್ಮನ ಹೆಂಡತಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ನನ್ನ ಸುಳ್ಳನ್ನು ಹೇಳಿದೆ. ಅವಳ ಕೈ ನಿಂತಿತು. ಎಣ್ಣೆಯ ಬಗ್ಗೆ ಏನಾದರೂ ಚುಚ್ಚುತ್ತಾಳೆ ಅಂದುಕೊಂಡಿದ್ದೆ.

"ನನಗ ಯಾಕ ಹೇಳ್ಲಿಲ್ರಿ?" ಎಂದಳು. "ನಾನ ಓಡಿಹೋಗಿ ಕರ್ಕೊಂಡು ಬರ್ತಿದ್ದೆ. ನನಗ ಆ ಎಣ್ಣಿ ಬ್ಯಾಡ. ಅವರಿಗೆ ಬೇಕಿತ್ತಲ್ಲ!"

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಕಡೀ ದಿನ ಮುಂಜಾನಿ ನನ್ನ ಕೈ ಹಿಡಿದು, 'ಸ್ವಾಮಿ, ನಂದೆಲ್ಲಾ ಮಾಫ್ ಮಾಡು' ಅಂತ ತಾವ ಪ್ರಾರ್ಥನಾ ಮಾಡಿದ್ರು" ಎಂದಳು. "ನೀವು ಹೇಳಿದ್ದೊಂದು ಸುಳ್ಳಿಗೆ ಸ್ವರ್ಗದ ಬಾಗಿಲ ಮುಚ್ಚಂಗಿದ್ರ ನೀವು ಭಾಳ ದೊಡ್ಡವರಾದ್ರಿ ಅಕ್ಕಾರ!"

ಕಣ್ಣೀರಿನಲ್ಲೇ ನಗು ಬಂತು. ಒಂದು ವರ್ಷದಲ್ಲಿ ಹಾಗೆ ನಕ್ಕದ್ದು ಅದೇ ಮೊದಲು.

ಅವನ ಹೆಸರಿನ ಬಲಿಪೂಜೆಗೆ ಅವಳೂ ಬಂದಳು. "ಅವರ ಸಲುವಾಗಿ ಅಲ್ರಿ, ನಿಮ್ಮ ಸಲುವಾಗಿ ಬಂದೀನಿ" ಎಂದು ಮೊದಲೇ ಹೇಳಿ ಪಕ್ಕದಲ್ಲಿ ಕೂತಳು. ಪ್ರಸಾದದ ಸಾಲು ಹೊರಟಾಗ ಅವಳು ಕಾಲು ಸರಿಸಿ ದಾರಿ ಬಿಟ್ಟಳು. ನಾನು ಎದ್ದು ಮುಂದೆ ಹೋದೆ.